ಬೇಕರಿಯವನ ಹೆಂಡತಿ ತಿಂದ ಚಾಕೊಲೇಟ್

ಬೇಕರಿಯವನ ಹೆಂಡತಿಗೆ ಗೋಧಿ ಆಗಿಬರುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಡಾಕ್ಟರು ಹೇಳಿದಾಗ ಬೇಕರಿಯವನೂ ನಂಬಲಿಲ್ಲ. ಗೋಧಿಯೊಳಗಿನ ಗ್ಲೂಟನ್ ಎಂಬ ಅಂಟು ಚೂರೇ ಚೂರು ಹೊಟ್ಟೆಗೆ ಹೋದರೂ ಅವಳು ಹಾಸಿಗೆ ಹಿಡಿಯುವುದನ್ನು ಕಣ್ಣಾರೆ ಕಂಡ ಮೇಲೆ ಬಾಯಿ ಮುಚ್ಚಿಕೊಂಡ.

ಅವಳಾದರೋ ಸಿಹಿ ಎಂದರೆ ಪ್ರಾಣ ಬಿಡುವವಳು. ಹಿಂದೆಲ್ಲ ಕೇಕು ಆರುವ ಮೊದಲೇ ಅಂಚು ಮುರಿದು ಬಾಯಿಗೆ ಹಾಕಿಕೊಂಡು, "ಇಲಿ ತಿಂತು ಕಣ್ರೀ" ಎನ್ನುತ್ತಿದ್ದಳು. ಈಗ ಬೇಕರಿಯ ಹೊಸ್ತಿಲನ್ನೇ ತುಳಿಯುವುದಿಲ್ಲ. ಬೀದಿಗೆಲ್ಲ ಸಿಹಿ ಮಾರುವವನ ಮನೆಯಲ್ಲೇ ಹೀಗಾಯಿತಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು.

ಒಂದು ದಿನ ಔಷಧಿ ಅಂಗಡಿಯಲ್ಲಿ ಗ್ಲೂಟನ್ ಇಲ್ಲದ ಚಾಕೊಲೇಟ್ ಅವನ ಕಣ್ಣಿಗೆ ಬಿತ್ತು. ಕೊಂಡವನು ನೇರ ಮನೆಗೆ ಹೋಗಬಾರದೇ, ಪುಣ್ಯಾತ್ಮ? ರುಚಿಯಿಲ್ಲದಿದ್ದರೆ ಅವಳ ಆಸೆಗೆ ತಣ್ಣೀರೆರಚಿದಂತಾದೀತೆಂದು, ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವನು ಅದೇ ಕೈಯಲ್ಲಿ ಹಾಳೆ ಬಿಡಿಸಿ, ಮೂಲೆ ಮುರಿದು ತಿಂದು ನೋಡಿದ. ಚೆನ್ನಾಗಿತ್ತು. ಮತ್ತೆ ಸುತ್ತಿಟ್ಟು, ದಿನದಂತೆ ಅಲ್ಲೇ ಹಿಂದಿನ ಕೋಣೆಯಲ್ಲಿ ತಲೆಗೆ ನೀರು ಹಾಕಿಕೊಂಡು, ಬಟ್ಟೆ ಬದಲಿಸಿ ಮನೆಗೆ ಓಡಿದ.

"ಗ್ಲೂಟನ್ ಇಲ್ವಂತೆ ಕಣೆ. ತಿನ್ನು!"

ಅವಳ ಮುಖ ಅರಳಿತು. ಹಾಳೆ ಬಿಡಿಸಿದಳು. ಚಾಕೊಲೇಟಿನ ಮೇಲೆ ಅವನ ಹೆಬ್ಬೆರಳಿನ ಗುರುತು ಬೆಳ್ಳಗೆ ಕೂತಿತ್ತು. ಅವಳು ಒಂದು ಗಳಿಗೆ ಅದನ್ನು ನೋಡಿದಳು, ಆಮೇಲೆ ಮಗುವಿನಂತೆ ಕಾದು ನಿಂತಿದ್ದ ಗಂಡನ ಮುಖ ನೋಡಿದಳು. ಚಾಕೊಲೇಟನ್ನು ಬಾಯಿಗೆ ಒಯ್ದಳು.

ಆಗ ಅವನಿಗೂ ಕಂಡಿತು. ಗಬಕ್ಕನೆ ಕಿತ್ತುಕೊಂಡ.

"ಹಿಟ್ಟು ಕಾಣ್ಲಿಲ್ವಾ ನಿಂಗೆ?"

"ಕಾಣಿಸ್ತು."

"ಮತ್ತೆ?"

"ಅಷ್ಟು ಆಸೆಯಿಂದ ತಂದಿದ್ದೀರ. ಹೇಗ್ರೀ ಬೇಡ ಅನ್ನಲಿ?"

"ನನ್ನ ಮುಖ ನೋಡ್ಕೊಂಡು ಕಾಯಿಲೆ ಬೀಳ್ತೀಯಾ? ಬೇಡ ಅನ್ನೇ. ಬೈಯಿ ನನ್ನ. ತಿನ್ಬೇಡ ಮಾತ್ರ." ಹೇಳುತ್ತಲೇ ಕುರ್ಚಿಯಲ್ಲಿ ಕುಸಿದು ಅತ್ತುಬಿಟ್ಟ. ತನ್ನ ಪ್ರೀತಿಗೆ ಹೆದರಿ ಅವಳು ಇನ್ನೇನೇನು ನುಂಗಿಕೊಂಡಿದ್ದಾಳೋ ಎಂದು ಅವನಿಗೆ ಭಯವಾಯಿತು.

ಅವಳು ಕೈ ತೊಳೆದು ಬಂದು ಅವನ ತಲೆ ಸವರಿದಳು. "ಏಳಿ, ಔಷಧಿ ಅಂಗಡಿ ಮುಚ್ಚಿಬಿಡ್ತಾರೆ" ಎಂದಳು.

ಈ ಸಲ ಅವಳೇ ಕೊಂಡಳು. ಅಂಗಡಿಯ ಮೆಟ್ಟಿಲ ಮೇಲೆ ಕೂತು ಅವಳೇ ಹಾಳೆ ಹರಿದಳು. ಬೇಕರಿಯವನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಪಕ್ಕದಲ್ಲಿ ನಿಂತ.

"ಹೇಗಿದೆ?"

ಅವಳು ಇನ್ನೊಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು.

"ನಂಗೊಂದು ಚೂರು?"

"ಕೊಡಲ್ಲ, ಹೋಗ್ರೀ."

ಹಾಗೆಂದವಳು ಅವನಿಗೆ ಬೆನ್ನು ಹಾಕಿ, ಒಮ್ಮೆಯೂ ಅವನ ಮುಖ ನೋಡದೆ, ಪೂರ್ತಿ ಚಾಕೊಲೇಟನ್ನು ಒಬ್ಬಳೇ ತಿಂದು ಮುಗಿಸಿದಳು. ಬೇಕರಿಯವನಿಗೆ ಅಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.