ರೋಗಿಯ ಪಾಲು

ಕೇಳಿದರೆ ಜ್ವರ ಇಳಿದಿದೆ ಎನ್ನುವುದೋ, ಇನ್ನೂ ಇದೆ ಎನ್ನುವುದೋ ತೀರ್ಮಾನವಾಗುವ ಮೊದಲೇ ಸಾಲು ಮುಂದಕ್ಕೆ ಜರುಗಿತು. ಅವಳೂ ಜರುಗಿದಳು. ಕೈಯಲ್ಲಿದ್ದ ಡಬ್ಬಿ ಮುಂದಿನವನ ತಟ್ಟೆಗೆ ತಾಗಿ ಟಣ್ಣೆಂದಿತು.

"ಮುಂದೆ ಹೋಗಿ, ಮುಂದೆ ಹೋಗಿ, ಮುಂದೆಲ್ಲ ಖಾಲಿ ಇದೆ!" ಎಂದು ಹಿಂದಿನಿಂದ ಕಂಡಕ್ಟರು ಕೂಗಿದ. ಒಂದು ಕಾಲಕ್ಕೆ ಅವನು ನಿಜವಾಗಿಯೂ ಬಸ್ಸಿನ ಕಂಡಕ್ಟರು. ಬಸ್ಸು ಹೋಯಿತು, ಕೂಗು ಉಳಿಯಿತು. "ಮೇಡಂ, ಯೋಚ್ನೆ ಮಾಡೋದಿದ್ರೆ ಕಿಟಕಿ ಪಕ್ಕದ ಸೀಟು ಹಿಡ್ಕೊಳ್ಳಿ. ದಾರೀಲಿ ನಿಂತು ಮಾಡ್ಬೇಡಿ."

ನಗಬೇಕಾದಷ್ಟು ನಕ್ಕಳು.

ಹಳೆಯ ಗೋದಾಮೊಂದನ್ನು ತೊಳೆದು, ಸುಣ್ಣ ಬಳಿದು ಊಟದ ಮನೆ ಮಾಡಿದ್ದರು. ಮಧ್ಯಾಹ್ನ ಬಂದವರಿಗೆ ಒಂದು ತಟ್ಟೆ ಊಟ, ಪುಕ್ಕಟೆ. ಯಾರು, ಏನು, ಎತ್ತ ಎಂದು ಕೇಳುತ್ತಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಅವರಿಗೆಂದು ಇನ್ನೊಂದು ಪಾಲನ್ನು ಡಬ್ಬಿಗೆ ಹಾಕಿಕೊಡುತ್ತಿದ್ದರು. ಮೆತ್ತಗೆ ಬೆಂದ ಅನ್ನ, ಹಿಸುಕಿದ ತರಕಾರಿ, ಖಾರವಿಲ್ಲದ ಸಾರು. ಅದಕ್ಕೆ ರೋಗಿಯ ಪಾಲು ಎಂದು ಹೆಸರು ಬಿದ್ದಿತ್ತು.

ಮೊದಲು ಬಂದಾಗ ರೋಗಿ ನಿಜಕ್ಕೂ ಇದ್ದ. ಕಾಲೇಜಿನಲ್ಲಿ ಅವಳದು ತಾತ್ಕಾಲಿಕ ಕೆಲಸ. ಹೊಸ ವರ್ಷಕ್ಕೆ ಅದನ್ನು ಮುಂದುವರಿಸಲಿಲ್ಲ. ಅದೇ ಹೊತ್ತಿಗೆ ಗಂಡ ಮಲಗಿದ. ಹಿಡಿದದ್ದು ಬಿಡದ ಜ್ವರ. ಅವಳು ಡಬ್ಬಿ ಒಯ್ಯುವಳು, ಚಮಚದಿಂದ ತಿನ್ನಿಸುವಳು, ಅವರು ಅರ್ಧ ತಿಂದು ಸಾಕು ಎನ್ನುವರು. ಉಳಿದದ್ದು ಅವಳಿಗೆ.

ಆಮೇಲೆ ಒಂದಷ್ಟು ದಿನ ಬರಲಿಲ್ಲ. ಮತ್ತೆ ಬಂದಾಗ, ಬಡಿಸುವ ಹೆಂಗಸು ಕೇಳಿದ್ದಳು: "ಹೇಗಿದ್ದಾರೆ?" ಕೇಳುವಾಗಲೇ ಅವಳ ಸೌಟು ಡಬ್ಬಿಯೊಳಗಿತ್ತು.

"ಹಾಗೇ ಇದ್ದಾರೆ," ಎಂದಿದ್ದಳು.

ತರ್ಕದ ದೃಷ್ಟಿಯಿಂದ ಅದರಲ್ಲಿ ತಪ್ಪಿರಲಿಲ್ಲ. ಅವಳು ಕಲಿಸುತ್ತಿದ್ದದ್ದು ತರ್ಕಶಾಸ್ತ್ರವನ್ನೇ. ಎಲ್ಲ ಮನುಷ್ಯರೂ ಸಾಯುತ್ತಾರೆ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಯಿಂದ ತೀರ್ಮಾನ ಬರೆಸಿದ್ದಳು. ಬೋರ್ಡು ಒರೆಸಿದ ಮೇಲೆ ಬೆರಳಿಗೆ ಅಂಟುವ ಚಾಕ್‌ಪೀಸಿನ ಪುಡಿಯಷ್ಟೇ ಆ ವಾಕ್ಯದ ಭಾರ.

ಈಗಲೂ ಮನೆಗೆ ಹೋಗಿ ಡಬ್ಬಿಯನ್ನು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲಿಡುತ್ತಿದ್ದಳು. ಮುಚ್ಚಳ ತೆಗೆದು ಒಳಗೆ ಚಮಚ ಊರಿಡುತ್ತಿದ್ದಳು. ಬೆಳಿಗ್ಗೆ ಎದ್ದು, ಅವರು ಬಿಟ್ಟದ್ದೆಂದುಕೊಂಡು, ತಣ್ಣಗಾದದ್ದನ್ನು ತಿನ್ನುತ್ತಿದ್ದಳು. ಆ ತುತ್ತಿಗೆ ಮಾತ್ರ ರುಚಿ ಇತ್ತು. ನಾದಿನಿ ಬಂದು, "ಕಣ್ಣೆದುರಿಗಿದ್ರೆ ಸಂಕಟ ಅತ್ತಿಗೆ," ಎಂದು ಅಣ್ಣನ ಬಟ್ಟೆಬರೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಗಿದ್ದಳು. ಬೀರುವಿನಲ್ಲಿ ಹ್ಯಾಂಗರುಗಳಷ್ಟೇ ಉಳಿದಿದ್ದವು. ಇಡೀ ಊರಿನಲ್ಲಿ ಅವರಿಗೆಂದು ಇನ್ನೂ ಏನನ್ನಾದರೂ ಎತ್ತಿಡುತ್ತಿದ್ದದ್ದು ಈ ಗೋದಾಮಿನಲ್ಲಿ ಮಾತ್ರ.

ಅವಳ ಸರದಿ ಬಂತು.

ಬಡಿಸುವ ಹೆಂಗಸಿಗೆ ಎಲ್ಲರೂ ಸೌಟಿನಕ್ಕ ಎನ್ನುತ್ತಿದ್ದರು. ದಪ್ಪ ತೋಳು, ದೊಡ್ಡ ಗಂಟಲು. ಬೈದರೂ ಹೊಗಳಿದರೂ ಒಂದೇ ಸ್ವರ. ಆಕೆ ಡಬ್ಬಿಯನ್ನು ಕೈಯಿಂದ ತಳ್ಳಿಬಿಟ್ಟಳು.

"ಇದು ಇನ್ಮೇಲೆ ಬೇಡ ಕಣಮ್ಮ."

"ಯಾಕಕ್ಕ?"

"ಗಾಬರಿಯಾಗ್ಬೇಡ, ಒಳ್ಳೇ ಸುದ್ದಿ. ನರ್ಸ್ ಕೆಲ್ಸ ಕಲೀತಿರೋ ಹುಡುಗೀರು ಇಬ್ರು ಸೇರ್ಕೊಂಡಿದ್ದಾರೆ. ನಾಳೆಯಿಂದ ಕಾಯಿಲೆಯೋರ ಮನೆಗೆ ಅವ್ರೇ ಊಟ ತರ್ತಾರೆ. ತಿನ್ನಿಸ್ತಾರೆ, ಬೆನ್ನಲ್ಲಿ ಹುಣ್ಣಾಗಿದ್ಯಾ ನೋಡ್ತಾರೆ, ಮಗ್ಗುಲು ಬದಲಾಯಿಸ್ತಾರೆ. ನೀನೊಬ್ಳೇ ಎಷ್ಟು ದಿನ ಅಂತ ಒದ್ದಾಡ್ತೀಯ? ಮೈಮೇಲೆ ಮಾಂಸ ಇದ್ಯಾ ನೋಡ್ಕೋ. ಮನೆ ಎಲ್ಲಿ ಹೇಳು."

ಅವಳಿಗೆ ಕಂಡಿತು: ಬಿಗಿಯಾಗಿ ಎಳೆದು ಹಾಸಿದ ಹೊದಿಕೆ, ಅದರ ಎರಡೂ ಬದಿಗೆ ಬಾಗಿದ ಇಬ್ಬರು ಹುಡುಗಿಯರು, ಯಾರೂ ಇಲ್ಲದ ಹಾಸಿಗೆಯಲ್ಲಿ ಮಗ್ಗುಲು ಹುಡುಕುತ್ತಿರುವುದು.

"ಮನೆ ಎಲ್ಲಮ್ಮ? ಹಿಂದೆ ಜನ ಕಾಯ್ತಿದ್ದಾರೆ."

ಒಂದು ಪದ ಸಾಕಾಗಿತ್ತು. ಆ ಪದವನ್ನು ಡಾಕ್ಟರು ಆಡಿದ್ದರು. ಮೈದುನ ಫೋನಿನಲ್ಲಿ ಊರಿಗೆಲ್ಲ ಆಡಿದ್ದ. ನಾದಿನಿ ಎದೆ ಬಡಿದುಕೊಂಡು ಆಡಿದ್ದಳು. ಅವಳು ಮಾತ್ರ ತಲೆಯಾಡಿಸಿದ್ದಳು. ಕೇಳಿದ್ದಾಯಿತೆಂಬುದಕ್ಕೆ ತಲೆಯಾಡಿಸಿದರೆ ಒಪ್ಪಿದಂತಾಗುವುದಿಲ್ಲ. ಈಗ ತಾನೂ ಆಡಿದರೆ, ಆ ಪದ ಹೊರಬಿದ್ದ ಕ್ಷಣ, ಇಲ್ಲಿಯೂ ಅವರ ಪಾಲಿನ ಮೇಲೆ ಮುಚ್ಚಳ ಬೀಳುತ್ತದೆ.

"ಅವರಿಗೆ ಗುಣ ಆಗಿದೆ ಅಕ್ಕ," ಎಂದಳು.

ಸೌಟಿನಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೌಟನ್ನು ಪಾತ್ರೆಯ ಅಂಚಿಗೆ ಬಡಿದಳು. "ಕೇಳ್ರಪ್ಪಾ! ನಮ್ಮ ಮೇಡಂ ಯಜಮಾನ್ರು ಎದ್ದು ಕೂತ್ರಂತೆ!"

"ಡಿಪೋದಲ್ಲಿ ಕೆಟ್ಟು ನಿಂತಿದ್ದ ಗಾಡಿ ರೋಡಿಗೆ ಬಂತು!" ಎಂದು ಕಂಡಕ್ಟರು ಕೂಗಿದ. ಯಾರೋ ತಟ್ಟೆಯ ಮೇಲೆ ತಾಳ ಹಾಕಿದರು. ದಿನವೂ ಅವಳೆದುರು ಕೂತು ಒಂದು ಮಾತೂ ಆಡದೆ ಉಣ್ಣುತ್ತಿದ್ದ ಮುದುಕಿ ಎದ್ದುಬಂದು ಅವಳ ಕೆನ್ನೆ ಸವರಿದಳು. "ನಿನ್ನ ಸೇವೆ ಮಗಳೇ. ಇನ್ನೇನಿಲ್ಲ, ನಿನ್ನ ಸೇವೆ."

ಮುದುಕಿಯ ಬೆರಳಿಗೆ ಸಾರಿನ ಬಿಸಿ ಇತ್ತು. ಎಷ್ಟೋ ದಿನಗಳಿಂದ ಮರದ ತುಂಡಿನಂತಿದ್ದ ಕೆನ್ನೆಯಲ್ಲಿ ರಕ್ತ ಓಡಿದ್ದು ಅವಳಿಗೆ ತಿಳಿಯಿತು. ಇಷ್ಟು ಜನಕ್ಕೆ ಗೊತ್ತಾದ ಮೇಲೆ ಇದು ಪೂರ್ತಿ ಸುಳ್ಳಾಗುವುದು ಹೇಗೆ ಎಂದೂ ಅನ್ನಿಸಿತು. ಬೋರ್ಡಿನ ಮೇಲಾದರೆ ಇದಕ್ಕೆ ಅಡ್ಡಗೀಟು ಎಳೆಯುತ್ತಿದ್ದಳು.

"ನಡೀತಾರಾ?" ಸೌಟಿನಕ್ಕ ಕೇಳಿದಳು.

"ನಡೀತಾರೆ."

"ಬಾಯಿ ರುಚಿ?"

"ಬಂದಿದೆ. ಖಾರ ಕೇಳ್ತಾರೆ."

"ಖಾರ ಕೇಳಿದ್ರೆ ಬದುಕಿದ ಹಾಗೇ! ಮತ್ತೆ ಕರ್ಕೊಂಡು ಬರೋಕೇನಾಗಿತ್ತು? ನಾವೇನು ಕಣ್ಣು ಹಾಕ್ತಿದ್ವಾ?"

"ಬಂದಿದ್ದಾರೆ."

ಆ ಮಾತು ತನ್ನದೇ ಬಾಯಿಂದ ಬಂದದ್ದು ಅವಳಿಗೆ ಕೇಳಿಸಿತು.

"ಎಲ್ಲಿ?"

"ಹೊರಗೆ. ಒಳಗೆ ಬರೋದಕ್ಕೆ ಸಂಕೋಚ ಅವರಿಗೆ."

"ಓದಿದ ಗಂಡಸರ ಹಣೇಬರಹವೇ ಇಷ್ಟು," ಎಂದ ಕಂಡಕ್ಟರು. "ಹೊಟ್ಟೆಗಿಂತ ಮುಖ ದೊಡ್ದು."

ಸೌಟಿನಕ್ಕ ಸೌಟನ್ನು ಪಕ್ಕದವಳ ಕೈಗೆ ಕೊಟ್ಟು, ದೊಡ್ಡ ತಟ್ಟೆಯೊಂದನ್ನು ಎಳೆದುಕೊಂಡಳು. ಅನ್ನ ಹಾಕಿದಳು. ಖಾರದ ಪಲ್ಯ ಹಾಕಿದಳು. ಕೆಂಪಗೆ ಕುದಿಯುತ್ತಿದ್ದ ಸಾರನ್ನು ಮೇಲಿನಿಂದ ಹುಯ್ದಳು. ಬೇಯಿಸಿದ ಮೊಟ್ಟೆಯನ್ನು ಅಂಚಿನಲ್ಲಿ ಕೂರಿಸಿದಳು. "ಬಾ, ನಾನೇ ಕರೀತೀನಿ. ಯಾವ ಸಂಕೋಚ ಅಂತ ನೋಡೇಬಿಡ್ತೀನಿ."

ಅವಳು ತಡೆಯಬಹುದಾಗಿತ್ತು. ಹೋಗಿಬಿಟ್ಟಿರಬೇಕು ಎನ್ನಬಹುದಾಗಿತ್ತು. ಮನೆಗೇ ಒಯ್ಯುತ್ತೇನೆ ಎನ್ನಬಹುದಾಗಿತ್ತು. ಮೂರೂ ಹೊಳೆದವು. ಆದರೆ ಕಾಲು ತಟ್ಟೆಯ ಹಿಂದೆ ಹೊರಟಿತ್ತು. ಬೆಂಚುಗಳ ಸಾಲು ದಾಟಿ ಬಾಗಿಲಿನ ಬೆಳಕು ಹತ್ತಿರವಾದಂತೆ, ಅವಳಿಗೂ ಹೊರಗೆ ನೋಡಬೇಕೆನ್ನಿಸಿತು. ಒಂದು ಕಾಲಿನ ಮೇಲೆ ಭಾರ ಬಿಟ್ಟು ನಿಂತಿರುತ್ತಾರೆ. ಗೋಡೆಯ ಮೇಲಿನ ಯಾವುದೋ ಹರಿದ ಜಾಹೀರಾತನ್ನು ಓದುತ್ತಿರುತ್ತಾರೆ. ಅಚ್ಚಾದದ್ದು ಏನು ಕಂಡರೂ ಓದುವ ಚಟ. ಔಷಧಿಯ ಚೀಟಿಯನ್ನೂ ಬಿಟ್ಟವರಲ್ಲ. ಎಷ್ಟು ಹೊತ್ತೇ ನಿಂದು ಎಂದು ತಿರುಗುತ್ತಾರೆ.

ಹೊರಗೆ ಬಿಸಿಲಿತ್ತು. ಗೇಟು ಹಾಕಿತ್ತು.

ಪಾತ್ರೆಯ ತಳ ಕಾಣತೊಡಗಿದರೆ ಕಾವಲಿನವನು ಗೇಟು ಹಾಕಿಬಿಡುತ್ತಿದ್ದ. ತಡವಾಗಿ ಬಂದವರು ಹೊರಗಿನ ಗೋಡೆಗೆ ಒರಗಿ ಕಾಯಬೇಕು. ಕೊನೆಗೆ ಏನಾದರೂ ಮಿಕ್ಕರೆ ಅವರಿಗೆ. ಎಷ್ಟೋ ದಿನ ಏನೂ ಮಿಗುತ್ತಿರಲಿಲ್ಲ. ಅವಳು ದಿನವೂ ಬೆಚ್ಚನೆಯ ಡಬ್ಬಿಯನ್ನು ಎದೆಗೊತ್ತಿಕೊಂಡು, ತನ್ನ ಚಪ್ಪಲಿಯನ್ನೇ ನೋಡುತ್ತ ಅವರನ್ನು ದಾಟಿ ಹೋಗುತ್ತಿದ್ದಳು. ಇವತ್ತು ಕಾವಲಿನವನು ಗೇಟು ತೆರೆದಾಗ ತಲೆಯೆತ್ತಿದಳು. ಗೋಡೆಯ ಉದ್ದಕ್ಕೂ ಗಂಡಸರು. ಕೂತವರು, ನಿಂತವರು, ಮೊಣಕಾಲಿಗೆ ಹಣೆ ಕೊಟ್ಟವರು. ಕೊನೆಯಲ್ಲಿ ಮಗನನ್ನು ಕರೆತಂದ ಒಬ್ಬ ತಾಯಿ. ಎಲ್ಲರ ಕಣ್ಣೂ ತಟ್ಟೆಯ ಮೇಲಿತ್ತು.

ಸೌಟಿನಕ್ಕ ತಟ್ಟೆಯನ್ನು ಎತ್ತಿ ಹಿಡಿದಳು.

"ಈ ತಂಗಿ ಯಜಮಾನ್ರು ಯಾರಪ್ಪಾ? ನಾಚ್ಕೋಬೇಡಿ, ಬನ್ನಿ. ನಿಮಗಂತಲೇ ತಂದಿದೀನಿ."

ಅನ್ನದಿಂದ ಹಬೆ ಏಳುತ್ತಿತ್ತು.

ಗೋಡೆಯ ನಡುಭಾಗದಲ್ಲಿ, ಗಡ್ಡ ಬಿಟ್ಟ ಒಬ್ಬಾತ ನಿಧಾನವಾಗಿ ಕೈ ಎತ್ತಿದ.

"ನಾನೇ ಅಕ್ಕ."

ಅವನ ಪಕ್ಕದವನು ಪಕ್ಕನೆ ನಕ್ಕ. ಆಮೇಲೆ ಅವನೂ ಕೈ ಎತ್ತಿದ. ಈಗ ಅವನು ನಗುತ್ತಿರಲಿಲ್ಲ. ಕೂತಿದ್ದವನೊಬ್ಬ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಂಡು ಕೈ ಎತ್ತಿದ. ಮುದುಕನೊಬ್ಬ ಎತ್ತಿದ. ಕೊನೆಯಲ್ಲಿದ್ದ ತಾಯಿ, "ಎತ್ತೋ," ಎಂದು ಪಿಸುಗುಟ್ಟಿ, ಮಗನ ಮೊಣಕೈ ಹಿಡಿದು ತಾನೇ ಎತ್ತಿಸಿದಳು.

"ಏನ್ರಯ್ಯಾ ಇದು ತಮಾಷೆ?" ಎಂದು ಸೌಟಿನಕ್ಕ ರೇಗಿದಳು. ಯಾರೂ ಕೈ ಇಳಿಸಲಿಲ್ಲ. ಅವಳು ಹಿಂದೆ ತಿರುಗಿದಳು. "ನೀನೇ ಹೇಳಮ್ಮ. ಇವರಲ್ಲಿ ಯಾರು? ಬೇಗ ಹೇಳು, ಆರೋಗುತ್ತೆ."

ಅವಳು ಗೇಟಿಗೆ ಹತ್ತಿರ ನಿಂತಿದ್ದವನ ಮುಂದೆ ಬಂದಳು. ಅವನ ಹಣೆ ನೋಡಿದಳು, ಕಣ್ಣು ನೋಡಿದಳು, ತುಟಿ ನೋಡಿದಳು. ಅವನು ನೋಡಿಸಿಕೊಂಡ. ಆಮೇಲೆ ಅವನ ಪಕ್ಕದವನನ್ನು ನೋಡಿದಳು. ಅವನೂ ಮುಖವನ್ನು ತುಸು ಮೇಲೆತ್ತಿ, ಬೆಳಕಿಗೆ ಹಿಡಿದು, ಕಾದ.

ಅವಳು ಮುಂದಿನವನ ಎದುರಿಗೆ ಬಂದು ನಿಂತಳು.