ಒಳಗೆ ತಿರುಗಿದ ಹೆಸರು

ಉದ್ಯಾನದ ಬಾಗಿಲಿಗೆ ನಿಲ್ಲಿಸಿದ್ದ ಎರಡು ಕಲ್ಲುಕಂಬಗಳನ್ನು ಮುದುಕ ಸುಮ್ಮನೆ ನೋಡುತ್ತ ನಿಂತಿದ್ದ. ಊರಿನ ಮಕ್ಕಳು ಆಡಿಕೊಳ್ಳಲಿ ಎಂದು ತವರಿಂದ ಬಂದ ಹೊಲವನ್ನು ಬಿಟ್ಟುಕೊಟ್ಟ ಅವನ ಹೆಂಡತಿ, ಅಲ್ಲಿ ನೆಟ್ಟ ಗಿಡಗಳು ಆಳೆತ್ತರ ಆಗುವ ಮೊದಲೇ ಹೋಗಿಬಿಟ್ಟಿದ್ದಳು. ಅವಳ ನೆನಪಿಗೆ ಊರವರು ಹಾಕಿಸಿದ ಕಂಬಗಳಿವು. ಬಲಗಡೆಯದರ ಮೇಲೆ ಅವಳ ಹೆಸರು ಕೆತ್ತಿಸಿದ್ದರು. ಆದರೆ ರಸ್ತೆಯಲ್ಲಿ ನಿಂತವರಿಗೆ ಕಾಣುತ್ತಿದ್ದುದು ಕಂಬದ ಬೋಳು ಬೆನ್ನು. ಹೆಸರು ಒಳಕ್ಕೆ ಮುಖ ಮಾಡಿತ್ತು.

"ಹಿಂದ್ಯಾವುದು ಮುಂದ್ಯಾವುದು ಅಂತ ಗೊತ್ತಾಗ್ಲಿಲ್ವಾ ಮಾವಾ?" ಮಗಳು ಕಲ್ಲುಕುಟಿಗನ ಮೇಲೆ ಹರಿಹಾಯ್ದಳು.

ಕಲ್ಲುಕುಟಿಗ ದೂರದ ವರಸೆಯಲ್ಲಿ ತೀರಿಕೊಂಡವಳ ತಮ್ಮನೇ. ಜೀವಮಾನವೆಲ್ಲ ಹೊಲಗಳಿಗೆ ಗಡಿಕಲ್ಲು ನೆಟ್ಟ ಕೈ. ಗಡಿಕಲ್ಲಿನ ಕೆತ್ತಿದ ಮುಖ ಹೊಲದ ಒಳಗಡೆ ನೋಡಬೇಕು ಎಂಬುದು ಅವನ ಕಸುಬಿನ ಕಟ್ಟಳೆ.

"ಕೈ ತಾನಾಗೇ ತಿರುಗಿಸಿಬಿಡ್ತು ಕಣಮ್ಮಾ. ಬುದ್ಧಿ ಮೇಯಕ್ಕೆ ಹೋಗಿತ್ತು. ಗಾರೆ ಇನ್ನೂ ಹಸಿ ಇದೆ, ಈಗ ಹೇಳಿದ್ರೆ ತಿರುಗಿಸ್ತೀನಿ. ಸಂಜೆ ಆದ್ರೆ ನಮ್ಮಪ್ಪ ಎದ್ದು ಬಂದ್ರೂ ಅಲ್ಲಾಡ್ಸಕ್ಕಾಗಲ್ಲ. ಭಾವಾ, ನೀವೇ ಹೇಳಿಬಿಡಿ."

ಇಬ್ಬರೂ ಮುದುಕನ ಬಾಯಿ ನೋಡಿದರು.

ಅವನಿಗೆ ಏನೂ ಅನ್ನಿಸಲಿಲ್ಲ. ಅವಳು ಹೋದಂದಿನಿಂದ ಹೀಗೇ. ಮೈಯಡಿ ಸಿಕ್ಕಿ ಜೋಮು ಹಿಡಿದ ತೋಳಿನ ಹಾಗೆ ಎದೆ ತನ್ನದೋ ಅಲ್ಲವೋ ಗೊತ್ತಾಗುತ್ತಿರಲಿಲ್ಲ. ಅವಳ ಚಪ್ಪಲಿಯನ್ನು ಬಾಗಿಲ ಹಿಂದಕ್ಕೆ ತಳ್ಳಿದ್ದ. ಲೋಟವನ್ನು ಅಟ್ಟಕ್ಕೆ ಹಾಕಿದ್ದ. ಕಣ್ಣಿಗೆ ಬೀಳದಿದ್ದರೆ ದಿನ ದೂಡಬಹುದು. ಇನ್ನು ದಿನಾ ಬರುವ ಈ ಜಾಗದಲ್ಲೂ ಆ ಹೆಸರು ಎದುರಿಗೇ ನಿಂತರೆ?

"ಇರ್ಲಿ ಬಿಡು," ಅಂದ.

"ಅಪ್ಪಾ! ಅಮ್ಮ ಹೊಲಾನೇ ಕೊಟ್ಳು. ದಾರೀಲಿ ಹೋಗೋರಿಗೆ ಅವಳ ಹೆಸರಾದ್ರೂ ಕಾಣೋದು ಬೇಡ್ವಾ? ನೀನೂ ಒಂದು ಕಂಬ ಆಗಿಬಿಟ್ಟೆ."

"ಬಾಗಿಲಿಗೆ ಎರಡೇ ಸಾಕು. ಮೂರನೇದು ದಂಡಕ್ಕೆ."

ಮಗಳು ನಗಲಿಲ್ಲ. ಸೆರಗಿನಿಂದ ಮೂಗೊರೆಸಿಕೊಂಡು ಬಿರಬಿರನೆ ಹೊರಟುಹೋದಳು. ಕಲ್ಲುಕುಟಿಗ ನಿಟ್ಟುಸಿರು ಬಿಟ್ಟು, ಕಂಬದ ಬುಡಕ್ಕೆ ಉಳಿದ ಜಲ್ಲಿ ಹಾಕಿ ಹಾರೆಯಿಂದ ಜಡಿಯತೊಡಗಿದ.

ಮುದುಕ ಒಳಗೆ ಹೋದ. ಅವನೆಣಿಸಿದಂತೆಯೇ ಹೆಸರು ಎದುರಾಗಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತ. ಮಕ್ಕಳು ಜೋಕಾಲಿಗೆ ಕಿತ್ತಾಡಿದರು, ಆಡಿದರು, ಮನೆಗೆ ಹೋದರು. ನೆರಳು ಅವನ ಕಾಲು ದಾಟಿ ಹೋಯಿತು.

"ಯಜಮಾನ್ರೇ, ಏಳಿ. ಬಾಗಿಲು ಹಾಕ್ಬೇಕು." ಕಾವಲುಗಾರ ಬೀಗದ ಗೊಂಚಲು ಕುಲುಕಿದ.

ಮುದುಕ ಬಾಗಿಲ ಕಡೆ ತಿರುಗಿದ. ದೂರದಿಂದಲೇ ಅಕ್ಷರಗಳು ಕಂಡವು. ಬರುವಾಗಿನದಷ್ಟನ್ನೇ ಯೋಚಿಸಿದ್ದ, ಹೋಗುವುದೂ ಇದೆ ಎಂಬುದು ತಲೆಗೇ ಬಂದಿರಲಿಲ್ಲ.

"ಬೇರೆ ದಾರಿ ಇಲ್ವಾ?"

"ಈ ವಯಸ್ಸಲ್ಲಿ ಬೇಲಿ ಹಾರ್ತೀರಾ? ಇರೋದೊಂದೇ."

ನೆಲ ನೋಡುತ್ತ ನಡೆದ. ಕಂಬದ ಹತ್ತಿರ ಕಾಲು ತಾನಾಗೇ ನಿಂತಿತು. ಅವಳ ಹೆಸರಿನ ಕೊನೆಯ ಅಕ್ಷರಕ್ಕೆ ಗಾರೆ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದ. ಆಗಲೇ ಬಿಗಿದುಕೊಂಡಿತ್ತು. ಇನ್ನಷ್ಟು ಒತ್ತಿ ಕೆರೆದ. ಉಗುರು ಸೀಳಿ ರಕ್ತ ಜಿನುಗಿತು, ಚುರ್ರೆಂದು ಉರಿಯಿತು. ಬೆರಳನ್ನು ಹತ್ತಿರ ಹಿಡಿದು ನೋಡಿಕೊಂಡ.

"ನಾಳೆ ಕೆರೆದ್ರಾಯ್ತು, ಯಜಮಾನ್ರೇ. ಕಂಬ ಎಲ್ಲಿಗೆ ಓಡಿಹೋಗುತ್ತೆ?"

"ಒಂಚೂರು ಇರಪ್ಪಾ," ಎಂದು ಮುದುಕ ಇನ್ನೊಂದು ಬೆರಳು ಹಚ್ಚಿದ.