ಸುಮ್ಮನಿದ್ದಾಗಿನ ಬಾಯಿ

“ಮಾತಾಡದೇ ಇದ್ದಾಗ ಇವಳ ಬಾಯಿ ಹೇಗಿರುತ್ತದೆ?” ಎಂದು ವಾಕ್‌ಚಿಕಿತ್ಸಕಿ ಊರ್ಮಿಳಾ ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ರಾಜಶೇಖರ ತಡವರಿಸಿದ. ಆರು ವರ್ಷದ ಮಗಳು ಮಾನಸಿ ಯಾವ ಅಕ್ಷರವನ್ನು ಹೇಗೆ ತಪ್ಪಾಗಿ ಹೇಳುತ್ತಾಳೆಂಬುದನ್ನು ಅವನು ಮೊಬೈಲಿನಲ್ಲಿ ಬರೆದುಕೊಂಡೇ ಬಂದಿದ್ದ. ‘ಸ’ ಅನ್ನುವಲ್ಲಿ ‘ತ’, ‘ರ’ ಅನ್ನುವಲ್ಲಿ ‘ಯ’. ಅವಳ ಮೌನವನ್ನು ಯಾರೂ ಬರೆದಿಟ್ಟಿರಲಿಲ್ಲ.

ಠಾಣೆ ನಗರದ ಆ ಪುಟ್ಟ ವಾಕ್‌ಚಿಕಿತ್ಸಾ ಕೋಣೆಯ ಮೂಲೆಯಲ್ಲಿ ಅವನ ತಾಯಿ ಪಾರವ್ವ ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಸೊಸೆ ಪೂನಂಗೆ ಶನಿವಾರವೂ ಆಫೀಸು. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಮಗುವಿನ ಇನ್ನೊಂದು ಕೈ ಹಿಡಿಯಲು ಯಾರಾದರೂ ಬೇಕಿತ್ತು, ಅಷ್ಟಕ್ಕೇ ಅವಳನ್ನು ಡೊಂಬಿವಲಿಯಿಂದ ಕರೆತಂದದ್ದು. “ಅವ್ವಾ, ಅಲ್ಲಿ ನೀ ನಡುವ ಬಾಯಿ ಹಾಕಬ್ಯಾಡ,” ಎಂದು ಮಗ ಹೊರಡುವಾಗಲೇ ಎಚ್ಚರಿಸಿದ್ದ.

ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಮರಾಠಿ, ಟೀವಿಯಲ್ಲಿ ಹಿಂದಿ; ಮಗುವಿನ ನಾಲಿಗೆ ಗೊಂದಲಕ್ಕೆ ಬಿದ್ದಿದೆ, ಇನ್ನು ಮೇಲೆ ಇಂಗ್ಲಿಷೊಂದೇ ಇರಲಿ ಎಂದು ನಾಲ್ಕು ತಿಂಗಳ ಹಿಂದೆ ಶಾಲೆಯವರು ಅಪ್ಪಣೆ ಕೊಡಿಸಿದ್ದರು. ಅಂದಿನಿಂದ ಪಾರವ್ವ ಮೊಮ್ಮಗಳೆದುರು ಮೂಕಿಯಾದಳು. ಊಟಕ್ಕೆ ಕರೆಯಲು ತಟ್ಟೆ ಬಡಿಯುವುದು, ಸ್ನಾನಕ್ಕೆ ಟವೆಲು ಬೀಸುವುದು. ಮೊದಮೊದಲು ಮಾನಸಿ ಅದನ್ನು ಆಟವೆಂದುಕೊಂಡಳು. ಆಮೇಲೆ ಅಜ್ಜಿಯ ಹತ್ತಿರ ಬರುವುದನ್ನೇ ಕಡಿಮೆ ಮಾಡಿದಳು. ಇಷ್ಟೆಲ್ಲ ಆದರೂ ಅವಳ ಮಾತು ಎಳ್ಳಷ್ಟೂ ಸುಧಾರಿಸಲಿಲ್ಲ. ಶಾಲೆಯಲ್ಲಿ ಟೀಚರ ಮುಂದೆ ಹತ್ತು ಸಲ ಸರಿಯಾಗಿ ಹೇಳಿದ ಪದ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಹಳೆಯ ರೂಪಕ್ಕೆ ಮರಳುತ್ತಿತ್ತು.

“ನಾರ್ಮಲ್ಲೇ ಇರುತ್ತದೆ, ಮ್ಯಾಡಮ್,” ಎಂದ ರಾಜಶೇಖರ ಕೊನೆಗೆ.

“ಸುಳ್ಳು!” ಎಂದಳು ಪಾರವ್ವ, ಕನ್ನಡದಲ್ಲಿ.

“ಅವ್ವಾ...”

“ಆಕಿ ಬಾಯಿ ಯಾವಾಗಲೂ ತೆರದಽ ಇರತೈತಿ. ಕೆಳಗಿನ ತುಟಿ ಜೋತು ಬಿದ್ದಿರತೈತಿ, ನಾಲಿಗಿ ಹಲ್ಲಿನ ಮ್ಯಾಲೆ ಬಂದು ಕುಂತಿರತೈತಿ. ನಿದ್ದ್ಯಾಗೂ ಹಂಗಽ. ದಿಂಬು ತೊಯ್ದಿರತೈತಿ, ಮುದುಕರಂಗ ಗೊರಕಿ ಹೊಡೀತಾಳ. ರೊಟ್ಟಿ ಅಗಿಯೂಮುಂದ ನಡುನಡುವ ನಿಂತು ಉಸಿರು ತೊಗೋತಾಳ. ಹೇಳು ಇದನ್ನ ಮ್ಯಾಡಮ್ಮಾರಿಗೆ.”

ತುಟಿ ಕೊಂಚ ತೆರೆದಿರುತ್ತದಂತೆ ಎಂದಷ್ಟೇ ರಾಜಶೇಖರ ಮರಾಠಿಯಲ್ಲಿ ಹೇಳಿದ.

“ಅರ್ಧಾ ನುಂಗಿದಿ. ಮೂವತ್ತು ವರ್ಷ ಕಾಯಿಪಲ್ಲೆ ಮಾರ್ಕೆಟ್ಟಿನ್ಯಾಗ ಮರಾಠ್ಯಾಗ ಜಗಳಾಡೀನಿ, ನನಗ ತಿಳಿಯೂದಿಲ್ಲೇನು? ದಿಂಬಿಂದು ಹೇಳು. ಗೊರಕೀದು ಹೇಳು.”

“ಹಂಗಾರ ನೀನಽ ಮರಾಠ್ಯಾಗ ಹೇಳು!”

“ಹೇಳೂದಿಲ್ಲ. ನಾಕ ತಿಂಗಳ ಕನ್ನಡಾನ ನನ್ನ ಬಾಯಾಗ ಕೂಡಿ ಹಾಕೀರಿ. ಮಾತು ಹೊರಗ ಬಂದ್ರ ಅದರಾಗಽ ಬರತೈತಿ.”

ರಾಜಶೇಖರ ಕಿವಿ ಕೆಂಪಗೆ ಮಾಡಿಕೊಂಡು ಎಲ್ಲವನ್ನೂ ಹೇಳಿದ. ಊರ್ಮಿಳಾ ತನ್ನ ಕುರ್ಚಿಯನ್ನು ಮುದುಕಿಯ ಕಡೆಗೆ ಎಳೆದುಕೊಂಡು, “ಆಜೀ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?” ಎಂದು ಕೇಳಿದಳು.

“ಇವರು ಆಕಿ ಮಾತು ಕೇಳಕೋತ ಇದ್ರು. ನನಗ ಮಾತು ಬಂದ್ ಮಾಡಿದ್ರಲ್ಲ, ನಾ ಆಕೀನ್ನ ನೋಡಕೋತ ಕುಂತೆ.”

ನೆಲದ ಮೇಲೆ ಆಟಿಕೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದ ಮಾನಸಿಯ ಬಾಯಿ ಆಗಲೂ ತೆರೆದೇ ಇತ್ತು. ಊರ್ಮಿಳಾ ಅವಳ ತುಟಿಗಳನ್ನು ಮೆಲ್ಲಗೆ ಮುಚ್ಚಿಸಿ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದಳು. ಒಂದು ಹೊಳ್ಳೆಯ ಅಡಿ ತೆಳುವಾಗಿ ಮಂಜು ಮೂಡಿತು. ಇನ್ನೊಂದರ ಅಡಿ ಕನ್ನಡಿ ಹೊಳೆಯುತ್ತಲೇ ಇತ್ತು. ಮೂರನೆಯ ಉಸಿರಿಗೆ ಮಗು ಬಾಯಿ ಬಿಟ್ಟು ಏದುಸಿರು ಎಳೆದುಕೊಂಡಿತು.

ಮೊದಲು ಮೂಗಿನ ಡಾಕ್ಟರಿಗೆ ತೋರಿಸಿ ಎಂದಳು ಊರ್ಮಿಳಾ. ಉಸಿರಿಗೆ ದಾರಿಯಾದ ಮೇಲೆ ತುಟಿ ಮುಚ್ಚಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಇರುವುದನ್ನು ಕಲಿಸಬೇಕು. ದಿನವಿಡೀ ತಳದಲ್ಲಿ ಬಿದ್ದಿರುವ ನಾಲಿಗೆ ಪ್ರತಿ ಅಕ್ಷರಕ್ಕೂ ಅಲ್ಲಿಂದಲೇ ಏಳಬೇಕು. ಅದಕ್ಕೇ ಶಾಲೆಯಲ್ಲಿ ಕಲಿತದ್ದು ಮನೆಯವರೆಗೆ ಬರುವುದಿಲ್ಲ. ಎದುರು ಕೂತು, ಬೈಯದೆ, ಬಲವಂತ ಮಾಡದೆ ನೆನಪಿಸುವವರು ಒಬ್ಬರು ಬೇಕು.

“ಕನ್ನಡದ್ದೇನು ತಪ್ಪು, ಅದನ್ನ ಕೇಳು,” ಎಂದಳು ಪಾರವ್ವ.

ರಾಜಶೇಖರ ಮಗಳ ಚಪ್ಪಲಿ ಹುಡುಕತೊಡಗಿದ.

“ಕೇಳೋ, ರಾಜ್ಯಾ. ಕೇಳದಽ ನಾ ಈ ಕುರ್ಚಿ ಬಿಟ್ಟು ಏಳಾಂಗಿಲ್ಲ.”

ಅವನು ಕೇಳಿದ. ಊರ್ಮಿಳಾ ಪಾರವ್ವನನ್ನೇ ನೋಡುತ್ತ, ನಿಧಾನವಾಗಿ ಉತ್ತರಿಸಿದಳು: ಏನೂ ತಪ್ಪಿಲ್ಲ. ಮಕ್ಕಳು ಮೂರು ಭಾಷೆಗಳನ್ನು ಸಲೀಸಾಗಿ ಹೊರುತ್ತವೆ. ಆಜಿ ಮಾತಾಡಲಿ.

ಅದನ್ನು ಕನ್ನಡಕ್ಕೆ ತಂದು ಹೇಳೆಂದು ಪಾರವ್ವ ಕೇಳಲಿಲ್ಲ. ಎದ್ದು ಸೆರಗು ಸರಿಪಡಿಸಿಕೊಂಡಳು.

ಮರಳುವ ಸ್ಲೋ ಲೋಕಲ್ಲಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕಿತು. ಮಾನಸಿಯನ್ನು ಎದುರಿಗೆ ಕೂಡಿಸಿ, ಗಾಡಿ ಠಾಣೆ ಬಿಡುವ ಮೊದಲೇ ಪಾರವ್ವ ಶುರು ಮಾಡಿದಳು.

“ನಿಮ್ಮಪ್ಪನ ಹೆಲ್ಮೆಟ್ ಬಾಲ್ಕನ್ಯಾಗ ಅಂಗಾತ ಬಿದ್ದೈತಿ ನೋಡು, ಅದರಾಗ ಪಾರಿವಾಳ ಎರಡು ತತ್ತಿ ಇಟ್ಟೈತಿ.”

“ಏನು! ಯಾವಾಗ?” ರಾಜಶೇಖರ ತಿರುಗಿದ. “ಹೇಳಬಾರದೇನವ್ವಾ?”

“ಪಾರಿವಾಳಕ್ಕ ಇಂಗ್ಲಿಷ್‌ನ್ಯಾಗ ಏನಂತಾರ, ನನಗೇನು ಗೊತ್ತು?”

ಪಕ್ಕದವನು ಮೊಬೈಲಿನಿಂದ ತಲೆಯೆತ್ತಿ ನೋಡಿದ. “ಮೆಲ್ಲಕ, ಅವ್ವಾ. ಮಂದಿ ನೋಡಾಕತ್ತಾರ.”

“ನೋಡ್ಲಿ. ತತ್ತಿ ಬೆಳ್ಳಗ, ಇಷ್ಟಿಷ್ಟಽ ಅದಾವ.” ಸೇತುವೆಯ ಕಬ್ಬಿಣದ ಗದ್ದಲ ಏರಿದಂತೆ ಅವಳ ದನಿಯೂ ಏರಿತು.

“ಮಯಿ ಬಂತಾ?” ಎಂದಳು ಮಾನಸಿ.

ನಾಲ್ಕು ತಿಂಗಳ ನಂತರದ ಕನ್ನಡ; ಮರಿಯ ‘ರ’ ಇನ್ನೂ ‘ಯ’. ಪಾರವ್ವ ತಿದ್ದಲಿಲ್ಲ. ತನ್ನ ಎರಡು ತುಟಿಗಳನ್ನು ಸೇರಿಸಿ, ಅವುಗಳ ಮೇಲೆ ಬೆರಳಿಟ್ಟು ಕಾದಳು. ಮಗು ಅವಳನ್ನು ದಿಟ್ಟಿಸಿತು. ಕೆಳಗಿನ ತುಟಿ ನಿಧಾನವಾಗಿ ಮೇಲೆ ಬಂದು ಇನ್ನೊಂದನ್ನು ಮುಟ್ಟಿತು. ಹೊಳ್ಳೆಗಳು ಅರಳಿ, ಸಣ್ಣದಾಗಿ ಶಿಳ್ಳೆ ಹಾಕಿದವು. ಕಿಟಕಿಯ ಆಚೆ ಕಳವಾ ಖಾಡಿಯ ಹಿನ್ನೀರು ಹಾದುಹೋಗುತ್ತಲೇ ಇತ್ತು.